ಇತಿಹಾಸದ ಪುಸ್ತಕ: ಯಾವುದನ್ನು ಕೊಳ್ಳಬೇಕು, ಯಾವುದನ್ನು ಡೌನ್‌ಲೋಡ್ ಮಾಡಬೇಕು?

ಹಾಸನ, ಚಿಕ್ಕಮಗಳೂರು ಕಡೆ ದೇವಸ್ಥಾನದ ಜೀರ್ಣೋದ್ಧಾರ ಮುಗಿಯಿತೆಂದರೆ ಒಂದು ಸ್ಮರಣ ಸಂಚಿಕೆ ಬರಲೇಬೇಕು. ಶಾಲೆಗೆ ನೂರು ವರ್ಷ ತುಂಬಿದರೆ ಇನ್ನೊಂದು. ಅದಕ್ಕೆ ಊರಿನ ಇತಿಹಾಸ ಬರೆಯಲು ಕೂತವರು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಕೆಲವರು ಆನ್‌ಲೈನ್‌ನಲ್ಲಿ ಹಳೆಯ ಪುಸ್ತಕದ ಮರುಮುದ್ರಣ ಕಂಡ ಕೂಡಲೇ ದುಡ್ಡು ಸುರಿಯುತ್ತಾರೆ. ಇನ್ನು ಕೆಲವರು ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್ ನಂಬಿ, ಅದರಲ್ಲಿ ಪುಟಗಳೇ ಇಲ್ಲ ಅನ್ನುವುದು ಗೊತ್ತಾಗದೆ ಲೇಖನ ಮುಗಿಸಿಬಿಡುತ್ತಾರೆ. ಒಂದು ಕ್ರಮ ಇಟ್ಟುಕೊಂಡರೆ ಎರಡೂ ತಪ್ಪುತ್ತದೆ.

1. ಓದುವುದಕ್ಕೋ, ಹುಡುಕುವುದಕ್ಕೋ?

ಮೊದಲ ಪುಟದಿಂದ ಕೊನೆಯವರೆಗೆ ಓದುವ ಪುಸ್ತಕವಾದರೆ ಅಚ್ಚಿನದ್ದನ್ನೇ ಕೊಳ್ಳಿ. ಅಡಿಟಿಪ್ಪಣಿ ನೋಡಲು, ನಕ್ಷೆಗೆ ಹೋಗಿ ಮತ್ತೆ ಬರಲು, ಪಕ್ಕದಲ್ಲಿ ಪೆನ್ಸಿಲ್ ಗೀಟು ಹಾಕಲು ಕಾಗದವೇ ಸರಿ. ಶಾಸನ ಸಂಪುಟ, ಗೆಜೆಟಿಯರ್, ಪುರಾತತ್ವ ಇಲಾಖೆಯ ವಾರ್ಷಿಕ ವರದಿ ಇಂಥವನ್ನು ಯಾರೂ ಸಾಲಾಗಿ ಓದುವುದಿಲ್ಲ. ಬೇಕಾದ ಊರು ಹುಡುಕಿ, ಅರ್ಧ ಪುಟ ಓದಿ ಮುಚ್ಚುತ್ತೇವೆ. ಅವು ಡಿಜಿಟಲ್ ಇರಲಿ.

2. ಪುಕ್ಕಟೆ ಸಿಗುವುದನ್ನು ಮೊದಲು ನೋಡಿ

ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ತೀರಿಕೊಂಡದ್ದು 1927ರಲ್ಲಿ, ಅವರ ನಂತರ ಆ ಕೆಲಸ ಮುಂದುವರಿಸಿದ ಆರ್. ನರಸಿಂಹಾಚಾರ್ 1936ರಲ್ಲಿ. ಹಾಗಾಗಿ ಅವರ ಕೆಲಸವೆಲ್ಲ ಈಗ ಎಲ್ಲರದ್ದು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಹುಡುಕಿದರೆ ಸಾಕು, ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಬಹಳಷ್ಟು ಸ್ಕ್ಯಾನ್‌ಗಳೂ ಅಲ್ಲಿವೆ. ಇವತ್ತಿನ ಲೇಖಕರ ಪುಸ್ತಕದ ಪಿಡಿಎಫ್ ಗುಂಪಿನಲ್ಲಿ ಬಂದರೆ ಮಾತ್ರ ಮುಂದಕ್ಕೆ ಕಳಿಸಬೇಡಿ. ಐದಾರು ವರ್ಷ ಶಾಸನದ ಹಿಂದೆ ಅಲೆದು ಬರೆದವರ ಪುಸ್ತಕ ಮಾರಾಟವಾಗುವುದೇ ಕೆಲವು ನೂರು ಪ್ರತಿ.

3. ಸರಿಯಾದ ಸಂಪುಟ ಹಿಡಿಯಿರಿ

ರೈಸ್ ಹೊರತಂದ ಶಾಸನ ಸಂಪುಟಗಳ ಮಾಲೆ 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ಚಿಕ್ಕಮಗಳೂರು ಜಿಲ್ಲೆ ಅಂತ ಹುಡುಕಿ, ಇಲ್ಲ ಅಂದುಕೊಂಡು ಕೈಬಿಟ್ಟವರಿದ್ದಾರೆ. ರೈಸ್ ಕಾಲದಲ್ಲಿ ಅದು ಕಡೂರು ಜಿಲ್ಲೆ. 1901ರಲ್ಲಿ ಬಂದ 6ನೇ ಸಂಪುಟ ಅದರದ್ದು. ಹಾಸನ ಜಿಲ್ಲೆಯದ್ದು 5ನೇ ಸಂಪುಟ, 1902ರದ್ದು. ಸಕಲೇಶಪುರದವರು ಅದರಲ್ಲಿ ಮಂಜರಾಬಾದ್ ತಾಲ್ಲೂಕು ತೆಗೆಯಬೇಕು. ಶ್ರವಣಬೆಳಗೊಳ ಮಾತ್ರ ಬೇರೆಯೇ, 2ನೇ ಸಂಪುಟ. ಅದರಲ್ಲೂ ನರಸಿಂಹಾಚಾರ್ ಪರಿಷ್ಕರಿಸಿದ 1923ರ ಆವೃತ್ತಿ ತೆಗೆದುಕೊಳ್ಳಿ, 1889ರದ್ದು ಬೇಡ.

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಿಂದ ಹೊರತಂದ ಪರಿಷ್ಕೃತ ಸಂಪುಟಗಳಲ್ಲಿ ಸಂಖ್ಯೆಗಳೇ ಬದಲಾಗಿವೆ. ಬೇಲೂರು ತಾಲ್ಲೂಕು ಅಲ್ಲಿ 9ನೇ ಸಂಪುಟ. ಯಾರದೋ ಲೇಖನದಲ್ಲಿ 'ಸಂಪುಟ 5, ಬೇಲೂರು 58' ಎಂದಿದ್ದರೆ ಅದು ಹಳೆಯ ಆವೃತ್ತಿ. 58 ಎಂದರೆ ಪುಟ ಅಲ್ಲ, ಬೇಲೂರು ತಾಲ್ಲೂಕಿನ 58ನೇ ಶಾಸನ. ಪ್ರತಿ ತಾಲ್ಲೂಕಿಗೂ ಎಣಿಕೆ ಒಂದರಿಂದ ಶುರುವಾಗುತ್ತದೆ.

ಹಲ್ಮಿಡಿ ಶಾಸನವನ್ನು ರೈಸ್ ಸಂಪುಟದಲ್ಲಿ ಹುಡುಕಿ ಸುಮ್ನೆ ಸುಸ್ತಾಗಬೇಡಿ. ಬೇಲೂರು ತಾಲ್ಲೂಕಿನದ್ದೇ ಆದರೂ ಅದನ್ನು ಬೆಳಕಿಗೆ ತಂದವರು ಎಂ.ಎಚ್. ಕೃಷ್ಣ, ಮೈಸೂರು ಪುರಾತತ್ವ ಇಲಾಖೆಯ 1936ರ ವರದಿಯಲ್ಲಿ. 1902ರ ಪುಸ್ತಕದಲ್ಲಿ ಅದು ಎಲ್ಲಿಂದ ಬರಬೇಕು?

4. ಸ್ಕ್ಯಾನ್ ಪರೀಕ್ಷೆ ಮಾಡಿ

ಎಲ್ಲರೂ ಹಾರಿಸುವ ಹಂತ ಇದು. ಕೆಲಸ ಕೆಡುವುದೂ ಇಲ್ಲೇ.

ಫೈಲ್ ತೆರೆದ ಕೂಡಲೇ ಒಳಶೀರ್ಷಿಕೆಯ ಪುಟಕ್ಕೆ ಹೋಗಿ. ಜಾಲತಾಣದಲ್ಲಿ ಹಾಕಿರುವ ಹೆಸರನ್ನೂ ವರ್ಷವನ್ನೂ ನಂಬಬೇಡಿ. 5ನೇ ಸಂಪುಟ ಎಂದು ಬರೆದ ಕಡೆ ಬೇರೆಯೇ ಪುಸ್ತಕ ಇರುವುದುಂಟು. ಆಮೇಲೆ ಪರಿವಿಡಿ ನೋಡಿ, ಅದರಲ್ಲಿ ಹೇಳಿದ ಕೊನೆಯ ಭಾಗ ಫೈಲ್‌ನ ಕೊನೆಯಲ್ಲಿ ಇದೆಯೇ ಅಂತ ನೋಡಿ. ದಪ್ಪ ಪುಸ್ತಕಗಳನ್ನು ಎರಡು ಫೈಲ್ ಮಾಡಿ, ಒಂದನ್ನು ಮಾತ್ರ ಹಾಕಿರುತ್ತಾರೆ. ಶಾಸನದ ಇಂಗ್ಲಿಷ್ ಅನುವಾದ ಸಿಕ್ಕಿತು, ಕನ್ನಡ ಮೂಲಪಾಠ ಇಲ್ಲ ಅಂದರೆ ಸಾಮಾನ್ಯವಾಗಿ ಇದೇ ಕಾರಣ.

ಈಗ ಪುಟಸಂಖ್ಯೆ. ಅಲ್ಲಲ್ಲಿ ನಿಂತು ಪುಟದ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನೂ ಫೈಲ್ ತೋರಿಸುವ ಸಂಖ್ಯೆಯನ್ನೂ ಹೋಲಿಸಿ. ಎರಡರ ನಡುವಿನ ವ್ಯತ್ಯಾಸ ಎಲ್ಲ ಕಡೆಯೂ ಅಷ್ಟೇ ಇದ್ದರೆ ಸರಿ. ಏಕಾಏಕಿ ಕಡಿಮೆಯಾದರೆ ನಡುವೆ ಪುಟ ಬಿಟ್ಟಿದ್ದಾರೆ. ಜಾಸ್ತಿಯಾದರೆ ಎರಡು ಸಲ ಸ್ಕ್ಯಾನ್ ಆಗಿದೆ ಅಥವಾ ಸಂಖ್ಯೆ ಹಾಕದ ಚಿತ್ರಪುಟ ಬಂದಿದೆ. ಚಿತ್ರಗಳ ಹತ್ತಿರ ವಿಶೇಷವಾಗಿ ನೋಡಿ. ನಿಮ್ಮ ಲೇಖನದಲ್ಲಿ ಕೊಡಬೇಕಾದದ್ದು ಅಚ್ಚಾದ ಪುಟಸಂಖ್ಯೆ, ಫೈಲ್‌ನದ್ದಲ್ಲ.

ಮೂರನೆಯದು ನಕ್ಷೆ ಮತ್ತು ಫೋಟೊ. ಮಡಚಿ ಅಂಟಿಸಿದ ನಕ್ಷೆಯನ್ನು ಬಿಡಿಸದೆ ಹಾಗೇ ಸ್ಕ್ಯಾನ್ ಮಾಡಿರುತ್ತಾರೆ. ಶಾಸನದ ಪಡಿಯಚ್ಚನ್ನು (ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಪ್ರತಿ) ಬರೀ ಕಪ್ಪು-ಬಿಳುಪಿನಲ್ಲಿ ತೆಗೆದಿದ್ದರೆ ಅದು ಮಸಿಬಟ್ಟೆ ಥರ ಕಾಣುತ್ತದೆ, ಒಂದು ಅಕ್ಷರವೂ ಮೂಡುವುದಿಲ್ಲ. ಅಂಥ ಕಡೆ ಅದೇ ಪುಸ್ತಕದ ಇನ್ನೊಂದು ಸ್ಕ್ಯಾನ್ ಹುಡುಕಿ. ಒಂದು ಒಳದಾರಿ ಇದೆ: ಇಂಟರ್‌ನೆಟ್ ಆರ್ಕೈವ್‌ನ ಡೌನ್‌ಲೋಡ್ ಪಟ್ಟಿಯಲ್ಲಿ ಪಿಡಿಎಫ್ ಜೊತೆಗೆ ಜೆಪಿ2 ಎಂಬ ಜಿಪ್ ಫೈಲ್ ಸಾಮಾನ್ಯವಾಗಿ ಇರುತ್ತದೆ. ಪಿಡಿಎಫ್ ಅನ್ನು ಹಿಂಡಿ ಚಿಕ್ಕದು ಮಾಡಿರುತ್ತಾರೆ, ಜೆಪಿ2ನಲ್ಲಿ ಚಿತ್ರ ಹೆಚ್ಚು ಸ್ಪಷ್ಟ. ಗಾತ್ರ ದೊಡ್ಡದು, ಮೊಬೈಲ್ ಡೇಟಾದಲ್ಲಿ ಇಳಿಸಬೇಡಿ.

ಕೊನೆಯದು ಹುಡುಕಾಟ. ಹುಡುಕು ಅಂದಾಗ 'ಇಲ್ಲ' ಅಂತ ಬಂದರೆ ಪುಸ್ತಕದಲ್ಲಿ ಇಲ್ಲ ಎಂದರ್ಥವಲ್ಲ. ಸ್ಕ್ಯಾನ್ ಚಿತ್ರ ನೋಡಿ ಯಂತ್ರ ಓದಿದ ಪಠ್ಯ ತಪ್ಪಿರಬಹುದು. ರೈಸ್ ಬಳಸಿದ ಕಾಗುಣಿತವೂ ಬೇರೆ, ವಿಷ್ಣುವರ್ಧನನ ಹೆಸರಿನಲ್ಲೇ ಒಂದು ಇಂಗ್ಲಿಷ್ 'ಡಿ' ಜಾಸ್ತಿ. ಅಕ್ಷರದ ಮೇಲಿನ ಗೀಟು, ಕೆಳಗಿನ ಚುಕ್ಕಿ ಯಂತ್ರಕ್ಕೆ ದಕ್ಕುವುದಿಲ್ಲ. ಹೆಸರಿನ ಅರ್ಧ ಮಾತ್ರ ಹಾಕಿ ಹುಡುಕಿ, ಆಮೇಲೆ ತಾಲ್ಲೂಕಿನ ಭಾಗವನ್ನು ಕಣ್ಣಲ್ಲೇ ನೋಡಿ. ಹಳಗನ್ನಡದ ಱ, ೞ ಇರುವ ಸಾಲುಗಳನ್ನಂತೂ ಕಾಪಿ-ಪೇಸ್ಟ್ ಮಾಡಲೇಬೇಡಿ. ಚಿತ್ರ ನೋಡಿಕೊಂಡು ಕೈಯಾರೆ ಟೈಪ್ ಮಾಡಿ. ಹಳೆಯ ನುಡಿ, ಬರಹ ಫಾಂಟಿನ ಪಿಡಿಎಫ್‌ನಿಂದ ಕಾಪಿ ಮಾಡಿದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ.

5. ಕೊಳ್ಳುವಾಗ

ಈ ಪರೀಕ್ಷೆ ಮುಗಿದ ಮೇಲೆ ಜೇಬಿಗೆ ಕೈ ಹಾಕಿ. ಆರ್ಡರ್ ಬಂದ ಮೇಲೆ ಒಂದೊಂದೇ ಪ್ರತಿ ಅಚ್ಚು ಮಾಡಿ ಕಳಿಸುವ ಮರುಮುದ್ರಣಗಳಲ್ಲಿ ಬಹುಪಾಲು ಇದೇ ಪುಕ್ಕಟೆ ಸ್ಕ್ಯಾನ್‌ನಿಂದ ಮಾಡಿದ್ದು. ಸ್ಕ್ಯಾನ್‌ನಲ್ಲಿ ಇಲ್ಲದ ಪುಟ ಅದರಲ್ಲೂ ಇಲ್ಲ. ಇನ್ನೂ ಕೆಟ್ಟದ್ದು ಯಂತ್ರ ಓದಿದ ಪಠ್ಯವನ್ನು ತಿದ್ದದೆ ಹಾಗೇ ಅಚ್ಚು ಹಾಕಿದ್ದು: ಚಿತ್ರ ಮಾಯ, ಕೋಷ್ಟಕ ಚೆಲ್ಲಾಪಿಲ್ಲಿ, ಕನ್ನಡ ಇದ್ದ ಕಡೆ ಕಸ. ಮುಖಪುಟದಲ್ಲಿ ಪುಸ್ತಕಕ್ಕೆ ಸಂಬಂಧವೇ ಇಲ್ಲದ ಫೋಟೊ ಇದ್ದರೆ ಅನುಮಾನಪಡಿ. ಒಳಪುಟದ ಫೋಟೊ ಕಳಿಸಿ ಎಂದು ಕೇಳಿ. ಕಳಿಸದಿದ್ದರೆ ಬಿಟ್ಟುಬಿಡಿ.

ಹೊಸ ಸಂಶೋಧನೆ, ಪರಿಷ್ಕೃತ ಶಾಸನ ಸಂಪುಟ ಬೇಕಾದರೆ ವಿಶ್ವವಿದ್ಯಾನಿಲಯಗಳ ಪ್ರಸಾರಾಂಗವನ್ನೇ (ಪ್ರಕಟಣಾ ವಿಭಾಗ) ಕೇಳಿ. ನವೆಂಬರ್‌ವರೆಗೆ ಕಾಯಲು ಆದರೆ ಕಾಯಿರಿ, ರಾಜ್ಯೋತ್ಸವದ ರಿಯಾಯಿತಿ ಸಿಗುವುದುಂಟು.

ಹೊಯ್ಸಳ ದೇವಸ್ಥಾನಗಳ ಪುಸ್ತಕವನ್ನು ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ. ಬೇಲೂರಿನ ಚೆನ್ನಕೇಶವ ದೇವಸ್ಥಾನಕ್ಕೆ 1117 ಎಂಬ ವರ್ಷ ಎಲ್ಲರೂ ಬರೆಯುತ್ತಾರೆ. ಅದಕ್ಕೆ ಶಾಸನದ ಆಧಾರ ಕೊಟ್ಟಿದ್ದಾರೆಯೇ ನೋಡಿ. ಜಕಣಾಚಾರಿ ಕಥೆ ಪುಟಗಟ್ಟಲೆ ಇದ್ದು, ಬೇಲೂರಿನಲ್ಲಿ ತಮ್ಮ ಹೆಸರು ಕೆತ್ತಿಹೋದ ಶಿಲ್ಪಿಗಳಾದ ದಾಸೋಜ, ಚಾವಣರ ಸುದ್ದಿಯೇ ಇಲ್ಲದಿದ್ದರೆ ಅದನ್ನು ವಾಪಸ್ ಕಪಾಟಿನಲ್ಲಿಡಿ. ದೇವಸ್ಥಾನದ ತಳವಿನ್ಯಾಸದ ಚಿತ್ರ ಒಂದೇ ಪುಟದಲ್ಲಿ ದೊಡ್ಡದಾಗಿ ಇರಬೇಕು. ಫೋನಿನಲ್ಲಿ ಅದನ್ನು ಹಿಗ್ಗಿಸಿದರೆ ಮೂಲೆ ಕಾಣುತ್ತದೆ, ಗುಡಿ ಕಾಣುವುದಿಲ್ಲ.

6. ಇಟ್ಟುಕೊಳ್ಳುವುದು

ಮೂಡಿಗೆರೆ, ಸಕಲೇಶಪುರ ಕಡೆಯವರು ಡೌನ್‌ಲೋಡ್ ಕೆಲಸವನ್ನು ಮೇ ತಿಂಗಳಲ್ಲೇ ಮುಗಿಸಿ. ಮಳೆ ಹಿಡಿದ ಮೇಲೆ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಅಚ್ಚಿನ ಪುಸ್ತಕವನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಲೂಬೇಡಿ. ಒಳಗೆ ತೇವ ಸೇರಿದರೆ ಬೂಷ್ಟು ಖಚಿತ.

ನನಗೆ ಇಷ್ಟವಾದ ದಾರಿ ಎರಡರ ನಡುವಿನದ್ದು. ಹಕ್ಕು ಮುಗಿದ ಸಂಪುಟದಿಂದ ನಿಮ್ಮ ತಾಲ್ಲೂಕಿನ ಪುಟಗಳನ್ನು ಮಾತ್ರ ತೆಗೆದು, ಜೆರಾಕ್ಸ್ ಅಂಗಡಿಯಲ್ಲಿ ಎರಡೂ ಬದಿ ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿ. ಒಳಶೀರ್ಷಿಕೆಯ ಪುಟವನ್ನು ಸೇರಿಸಲು ಮರೆಯಬೇಡಿ, ಇಲ್ಲದಿದ್ದರೆ ಎರಡು ವರ್ಷದ ಮೇಲೆ ಅದು ಯಾವ ಸಂಪುಟ ಅಂತ ನಿಮಗೇ ತಿಳಿಯುವುದಿಲ್ಲ. ಎಡಬದಿಗೆ ಜಾಗ ಬಿಡಲು ಮೊದಲೇ ಹೇಳಿ. ಹೇಳದಿದ್ದರೆ ಸ್ಪೈರಲ್ ತೂತು ಶಾಸನದ ಸಾಲಿನ ಮೇಲೇ ಬೀಳುತ್ತದೆ.