ಪೆನ್ ಶೋಗೆ ಹೋಗಿ, ಮೇಜಿನ ಆಚೆಗೂ ನಿಲ್ಲಿ

ಇಂಕ್ ಪೆನ್ ಇಷ್ಟಪಡುವವರಿಗೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಪೆನ್ ಶೋ ಅಂದರೆ ಮೂರು ದಿನದ ಜಾತ್ರೆ. ಸಾಮಾನ್ಯವಾಗಿ ಆಗಸ್ಟ್ ಕೊನೆಗೆ ಬರುತ್ತದೆ. ಹೆಸರು ಸ್ಯಾನ್ ಫ್ರಾನ್ಸಿಸ್ಕೋದ್ದಾದರೂ, ವರ್ಷಗಳಿಂದ ನಡೆದು ಬಂದಿರುವುದು ದಕ್ಷಿಣಕ್ಕಿರುವ ರೆಡ್‌ವುಡ್ ಸಿಟಿಯ ಹೋಟೆಲಿನಲ್ಲಿ. ಸನ್ನಿವೇಲ್, ಫ್ರಿಮಾಂಟ್ ಕಡೆಯ ಕನ್ನಡಿಗರಿಗೆ ಇದು ಹತ್ತಿರವೇ.

ಹೊರಡುವ ಮುಂಚೆ ನಿಮ್ಮ ಪೆನ್ನುಗಳಲ್ಲಿ ಎರಡನ್ನು ಮಾತ್ರ ಆರಿಸಿ. ಒಂದು ಚೆನ್ನಾಗಿ ಬರೆಯುವುದು, ಇನ್ನೊಂದು ತೊಂದರೆ ಕೊಡುವುದು. ಜೊತೆಗೆ ನೀವು ದಿನಾ ಬರೆಯುವ ನೋಟ್‌ಬುಕ್ ಇರಲಿ. ವಿಮಾನದಲ್ಲಿ ಬರುವವರು ಪೆನ್ನನ್ನು ಪೂರ್ತಿ ತುಂಬಿಸಿ, ಇಲ್ಲವೇ ಪೂರ್ತಿ ಖಾಲಿ ಮಾಡಿ. ಅರ್ಧ ತುಂಬಿದ್ದರೆ ಒಳಗಿನ ಗಾಳಿ ಮೇಲೆ ಹೋದಂತೆ ಹಿಗ್ಗಿ, ಇಂಕನ್ನು ಹೊರಗೆ ತಳ್ಳುತ್ತದೆ. ನಿಬ್ಬು ಮೇಲ್ಮುಖವಾಗಿರಲಿ.

ಒಳಗೆ ಕಾಲಿಟ್ಟ ಕೂಡಲೇ ಅಂಗಡಿ ನೋಡಬೇಡಿ. ಮೊದಲು ನಿಬ್ಬು ಸರಿಮಾಡುವವರ ಮೇಜಿಗೆ ಹೋಗಿ ಹೆಸರು ಬರೆಸಿ. ಇವರನ್ನು ಅಲ್ಲಿ ನಿಬ್‌ಮೈಸ್ಟರ್ ಎನ್ನುತ್ತಾರೆ. ಪಟ್ಟಿ ಬೇಗ ತುಂಬಿಬಿಡುತ್ತದೆ. ನಿಮ್ಮ ಸರದಿ ಬಂದಾಗ ತೊಂದರೆಯನ್ನು ನೇರವಾಗಿ ಹೇಳಿ: ಕೆರೆಯುತ್ತದೆ, ಮೊದಲ ಗೀಟು ಬೀಳುವುದಿಲ್ಲ, ಇಂಕ್ ಜಾಸ್ತಿ ಹರಿಯುತ್ತದೆ. ಆಮೇಲೆ ಅವರ ಎದುರೇ ಕನ್ನಡದಲ್ಲಿ ಬರೆಯಿರಿ. ಇದು ಮುಖ್ಯ. ನಮ್ಮ ಅಕ್ಷರಗಳಲ್ಲಿ ಸುತ್ತು ಜಾಸ್ತಿ, ಅಲ್ವಾ? ಇಂಗ್ಲಿಷ್ ಬರೆಯುವಾಗ ಗೊತ್ತಾಗದ ಕೆರೆತ ‘ಣ’, ‘ಝ’ ಬರೆಯುವಾಗ ಗೊತ್ತಾಗಬಹುದು. ‘ರಾಷ್ಟ್ರ’ ಬರೆದು ನೋಡಿ. ನಿಬ್ಬು ದಪ್ಪವಾಗಿದ್ದರೆ ಒತ್ತಕ್ಷರಗಳು ಕಲಸಿಹೋಗುತ್ತವೆ. ಚಿಕ್ಕ ಅಕ್ಷರದವರಿಗೆ ಜಪಾನಿನ ಫೈನ್, ಅಂದರೆ ತೆಳು ಗೀಟಿನ, ನಿಬ್ಬು ಒಳ್ಳೆಯದು. ಯುರೋಪಿನ ಫೈನ್‌ಗಿಂತ ಅದು ಸಾಮಾನ್ಯವಾಗಿ ಸಣ್ಣ.

ಈಗ ಒಂದು ಸುತ್ತು ಸುಮ್ನೆ ನೋಡುತ್ತಾ ಬನ್ನಿ. ಪೆನ್ ಮುಟ್ಟುವ ಮುಂಚೆ ಕೇಳಿ. ಕ್ಯಾಪನ್ನು ಹಿಂದಕ್ಕೆ ಸಿಕ್ಕಿಸಬೇಡಿ, ಗೀರು ಬೀಳುತ್ತದೆ. ಮೇಜಿನ ಮೇಲೇ ಹಿಡಿದು ನೋಡಿ, ಕೈಜಾರಿದರೂ ನೆಲಕ್ಕೆ ಬೀಳಬಾರದು. ಅದ್ದಿ ಬರೆಯಬಹುದೇ ಎಂಬುದಕ್ಕೂ ಒಪ್ಪಿಗೆ ಬೇಕು. 1941ರಲ್ಲಿ ಮಾರುಕಟ್ಟೆಗೆ ಬಂದ ಪಾರ್ಕರ್ 51ರಂಥ ಹಳೆಯ ಪೆನ್ ಕೊಳ್ಳುವುದಾದರೆ, ರಿಪೇರಿ ಆಗಿದೆಯೇ ಎಂದು ಮೊದಲು ವಿಚಾರಿಸಿ. ಇಂಕ್ ತುಂಬಲು ಪಕ್ಕದಲ್ಲಿ ಲಿವರ್ ಇರುವ ಪೆನ್ನಾದರೆ, ಒಳಗಿನ ರಬ್ಬರ್ ಚೀಲ ಹೊಸದೇ ಎಂದು ಕೇಳಿ. ನಮ್ಮ ಕಡೆಯ ಎಬೊನೈಟ್ (ಗಟ್ಟಿ ರಬ್ಬರ್) ಪೆನ್ನುಗಳ ಬಗ್ಗೆಯೂ ಮಾತು ತೆಗೆಯಿರಿ. ತಮಿಳುನಾಡಿನ ತಿರುವಳ್ಳೂರಿನ ರಂಗಾ ಪೆನ್ನಿನ ಹೆಸರು ಅಮೆರಿಕದ ಪೆನ್ ಪ್ರಿಯರಿಗೆ ಚೆನ್ನಾಗಿ ಗೊತ್ತು. 1932ರಲ್ಲಿ ಶುರುವಾದ ರಾಜಮಂಡ್ರಿಯ ರತ್ನಂ ಪೆನ್ನಿನ ಕಥೆ ಹೇಳಿದರೆ, ಕುರ್ಚಿ ಎಳೆದು ಕೂರಿಸುವವರಿದ್ದಾರೆ.

ನನಗೆ ಅತಿ ಇಷ್ಟವಾದ ಜಾಗ ಇಂಕ್ ಪರೀಕ್ಷೆಯ ಮೇಜು. ನೂರಾರು ಬಾಟಲಿಗಳು ಸಾಲಾಗಿ ತೆರೆದಿರುತ್ತವೆ. ಕೂತು ಯಾವುದನ್ನು ಬೇಕಾದರೂ ಬರೆದು ನೋಡಬಹುದು. ಶಾಲೆಯಲ್ಲಿ ಇಂಕ್ ಮುಗಿದಾಗ ಪಕ್ಕದವರ ಹತ್ತಿರ ನಾಲ್ಕು ಹನಿ ಸಾಲ ಕೇಳುತ್ತಿದ್ದವಳಿಗೆ ಅದನ್ನು ನೋಡಿ ಮಾತೇ ಹೊರಡಲಿಲ್ಲ. ಮುಂದಿನ ವರ್ಷ ಅಲ್ಲೇ ಕೆಲಸ ಕೇಳಿದೆ.

ಸ್ವಯಂಸೇವೆಗೆ ತಿಂಗಳುಗಳ ಮುಂಚೆಯೇ ಹೆಸರು ಕೊಡಿ. ಟಿಕೆಟ್ ನೋಡುವುದು, ಅಲ್ಲಿ ನಡೆಯುವ ತರಗತಿಗಳ ಬಾಗಿಲಲ್ಲಿ ನಿಲ್ಲುವುದು, ಒಬ್ಬರೇ ಕೂತ ವ್ಯಾಪಾರಿ ಊಟಕ್ಕೆ ಹೋದಾಗ ಮೇಜು ಕಾಯುವುದು, ಹೀಗೆ ಹಲವು ಕೆಲಸಗಳಿರುತ್ತವೆ. ಬಿಡುವು ಸಿಗುವಂತೆ ಪಾಳಿ ಕೇಳಿ. ಮೂರೂ ದಿನ ಪೂರ್ತಿ ಒಪ್ಪಿಕೊಂಡರೆ ಶೋ ನೋಡಲು ಆಗುವುದಿಲ್ಲ.

ನಿಮ್ಮನ್ನು ಇಂಕ್ ಮೇಜಿನ ಕೆಲಸಕ್ಕೆ ಹಾಕಿದರೆ ಕಪ್ಪು ಅಂಗಿ ತೊಡಿ, ಕೈಗವಸು ಇಟ್ಟುಕೊಳ್ಳಿ. ಒಂದು ಬಾಟಲಿಯ ನಿಬ್ಬು ಇನ್ನೊಂದಕ್ಕೆ ಹೋಗದಂತೆ ನೋಡುವುದೇ ಅಲ್ಲಿನ ದೊಡ್ಡ ಕೆಲಸ. ಹಳದಿಗೆ ಒಂದು ಹನಿ ನೀಲಿ ಬಿದ್ದರೆ ಆ ಬಾಟಲಿ ಮುಗಿದಂತೆ. ನಿಬ್ಬು ತೊಳೆಯುವ ನೀರು ಕದಡಿದ ಕೂಡಲೇ ಬದಲಿಸಿ. ಮಿನುಗಿನ ಇಂಕುಗಳಲ್ಲಿ ಪುಡಿ ತಳಕ್ಕೆ ಕೂತಿರುತ್ತದೆ, ಆಗಾಗ ಅಲ್ಲಾಡಿಸಬೇಕು. ಮುಚ್ಚಳ ಬಿಗಿಯಾಗಿದೆಯೇ ಎಂದು ನಿಮ್ಮ ಕೈಯಿಂದಲೇ ತಿರುಗಿಸಿ ನೋಡಿ, ಆಮೇಲೆ ಅಲ್ಲಾಡಿಸಿ. ನಾನು ಒಮ್ಮೆ ನೋಡದೆ ಅಲ್ಲಾಡಿಸಿದೆ. ಎದುರು ಕೂತಿದ್ದ ಅಜ್ಜಿಯ ಬಿಳಿ ಸ್ವೆಟರ್ ಮೇಲೆ ಹಸಿರು ಚೆಲ್ಲಿತು. ಅವರು ಬೈಯಲಿಲ್ಲ. ಆದರೂ ಇವತ್ತಿಗೂ ನೆನೆದರೆ ಬೇಜಾರಾಗುತ್ತದೆ.

ಮಕ್ಕಳು ಬಂದರೆ ಐರನ್ ಗಾಲ್ ಎಂಬ, ಕಬ್ಬಿಣದ ಲವಣ ಬೆರೆತ ಇಂಕಿನಲ್ಲಿ ಅವರ ಹೆಸರು ಬರೆಸಿ. ಬರೆಯುವಾಗ ನೀಲಿಯಾಗಿದ್ದ ಅಕ್ಷರ ಗಾಳಿ ತಾಗಿ ಬರಬರುತ್ತಾ ಕಪ್ಪಾಗುತ್ತದೆ. ಹಾಳೆಯನ್ನು ಮನೆಗೆ ಕೊಟ್ಟು ಕಳಿಸಿ, ನಾಳೆ ಬೆಳಿಗ್ಗೆ ನೋಡು ಎಂದು ಹೇಳಿ.