ಕೊಯ್ಲು ಮುಗಿಸಿ ಹಿಮಕ್ಕೆ: ನಾನು ಸ್ನೋಶೂ ಆರಿಸಿಕೊಂಡ ಬಗೆ

ನಮ್ಮ ತೋಟದಲ್ಲಿ ಅರೇಬಿಕಾ ಜನವರಿಗೆ ಮುಗಿದರೂ ರೊಬಸ್ಟಾ ಕೊಯ್ಲು ಫೆಬ್ರವರಿ ಪೂರ್ತಿ ಎಳೆಯುತ್ತದೆ. ಕಣದಲ್ಲಿ ಒಣಗಿದ ಕಾಫಿಯನ್ನು ಮೂಟೆ ಕಟ್ಟಿ, ಸ್ಪ್ರಿಂಕ್ಲರ್ ಹಚ್ಚುವ ಕೆಲಸವನ್ನು ತಮ್ಮನ ತಲೆಗೆ ಕಟ್ಟಿ ನಾನು ಹಿಮಾಲಯದ ಕಡೆ ಹೊರಡುವಾಗ ಮಾರ್ಚ್ ಬಂದಿರುತ್ತದೆ. ಹಿಮದಲ್ಲಿ ಕಾಲು ಹೂಳದಂತೆ ಬೂಟಿನ ಕೆಳಗೆ ಕಟ್ಟುವ ಅಗಲ ಚೌಕಟ್ಟು, ಅಂದರೆ ಸ್ನೋಶೂ, ಅದರ ವಿಷಯ ಹೇಳಹೊರಟವನು ಕಾಫಿಯ ಕಥೆ ಯಾಕೆ ತೆಗೆದ ಅಂದರೆ, ಯಾವ ತಿಂಗಳು ಹೋಗುತ್ತೀರಿ ಅನ್ನುವುದರ ಮೇಲೆ ಯಾವ ಸ್ನೋಶೂ ಬೇಕು ಅನ್ನುವುದು ನಿಂತಿದೆ. ಜನವರಿಯಲ್ಲಿ ಗುಲ್ಮಾರ್ಗ್‌ಗೆ ಹೋದವರಿಗೆ ಒಣ ಪೌಡರ್ ಹಿಮ ಸಿಗುತ್ತದೆ, ಬರಿ ಬೂಟಿನಲ್ಲಿ ಇಳಿದರೆ ತೊಡೆಯವರೆಗೆ ಹೂತುಹೋಗುವಷ್ಟು. ನನ್ನ ಪಾಲಿಗೆ ಬರುವ ಮಾರ್ಚ್ ಹಿಮ ಬೆಳಗ್ಗೆ ಗಟ್ಟಿ ಹಕ್ಕಳೆ, ಮಧ್ಯಾಹ್ನಕ್ಕೆ ನೀರೂರಿದ ಭಾರದ ಮುದ್ದೆ. ಇಳಿಜಾರಿನಲ್ಲಿ ಅಲ್ಲಲ್ಲಿ ಬಂಡೆಯೂ ತಲೆ ಎತ್ತಿರುತ್ತದೆ. ಇದರ ನಡುವೆ ಒಂದು ರಾತ್ರಿ ಸುರಿದರೆ ಮತ್ತೆ ಮೊಣಕಾಲುದ್ದ ಪೌಡರ್. ಎರಡಕ್ಕೂ ಒಂದೇ ಜೋಡಿ ಆಗಬೇಕು.

ಮೊದಲು ಅಳತೆ. ಪಕ್ಕದ ತೋಟದ ಹುಡುಗ ಕಳೆದ ಸಲ ಕೇಳಿದ, "ಅಂಕಲ್, ನಾನು ಆರಡಿ ಇದ್ದೀನಲ್ಲ, ದೊಡ್ಡದೇ ತಗೊಳ್ಲಾ?" ಎತ್ತರಕ್ಕೂ ಇದಕ್ಕೂ ಸಂಬಂಧವಿಲ್ಲ, ತೂಕ ಹೇಳು ಅಂದೆ. ಕೆಸರುಗದ್ದೆಯಲ್ಲಿ ಹಲಗೆ ಹಾಕಿ ನಿಂತರೆ ಕಾಲು ಹೂಳುವುದಿಲ್ಲವಲ್ಲ, ಕೆಲಸ ಮಾಡುವ ತತ್ವ ಅಷ್ಟೇ: ಭಾರ ಅಗಲಕ್ಕೆ ಹಂಚಿಹೋಗುತ್ತದೆ. ಲೆಕ್ಕಕ್ಕೆ ಬರುವುದು ಬೂಟು, ಜಾಕೆಟ್, ನೀರು, ಬ್ಯಾಗು ಎಲ್ಲ ಸೇರಿದ ತೂಕ. ನಾನು 72 ಕಿಲೋ, ಸಾಮಾನು ಹೊತ್ತರೆ 86ರ ಆಸುಪಾಸು.

ಬೆಟ್ಟಕ್ಕೆಂದು ಮಾರುವ ಸ್ನೋಶೂಗಳು ಹೆಚ್ಚಾಗಿ 22, 25, 30 ಇಂಚು ಉದ್ದದಲ್ಲಿ ಬರುತ್ತವೆ. 22ಕ್ಕೆ ಕಂಪನಿಗಳು ಹೇಳುವ ಮಿತಿ ಸುಮಾರು 80 ಕಿಲೋ. ಪಟ್ಟಿ ನೋಡಿದರೆ ನನಗೆ 25 ಬೇಕು. ಆದರೂ ನಾನು ಕೊಂಡದ್ದು 22 ಇಂಚಿನದು, ಹಿಂದಕ್ಕೆ ಸಿಕ್ಕಿಸುವ ಬಾಲದ ತುಂಡುಗಳ ಜೊತೆ. ಬಾಲ ಸೇರಿಸಿದರೆ ಉದ್ದ ಆರು ಇಂಚು ಹೆಚ್ಚುತ್ತದೆ. ಗಟ್ಟಿ ಹಿಮದಲ್ಲಿ 22 ನನ್ನನ್ನು ಧಾರಾಳವಾಗಿ ಹೊರುತ್ತದೆ, ಹೊಸ ಹಿಮ ಬಿದ್ದ ದಿನ ಬ್ಯಾಗಿನಿಂದ ಬಾಲ ತೆಗೆದು ಹಾಕಿಕೊಳ್ಳುತ್ತೇನೆ. ಗೆಳೆಯನ 30 ಇಂಚಿನದನ್ನು ಹಾಕಿ ನೋಡಿದ್ದೇನೆ. ಬಯಲಿನ ಪೌಡರ್‌ನಲ್ಲಿ ರಾಜನಡಿಗೆ, ಆದರೆ ದೇವದಾರು ಮರಗಳ ನಡುವಿನ ತಿರುವಿನಲ್ಲಿ ನನ್ನ ಸ್ನೋಶೂವನ್ನು ನಾನೇ ತುಳಿಯುತ್ತಿದ್ದೆ. ಮೇಲಾಗಿ ಬೆನ್ನಿಗೆ ಹೊತ್ತ ಒಂದು ಕಿಲೋಗಿಂತ ಕಾಲಿಗೆ ಕಟ್ಟಿದ ಒಂದು ಕಿಲೋ ಎಷ್ಟೋ ಹೆಚ್ಚು ದಣಿಸುತ್ತದೆ. ಸಾಲುವಷ್ಟರಲ್ಲಿ ಚಿಕ್ಕದು ಯಾವುದೋ ಅದೇ ಒಳ್ಳೆಯದು.

ಅಂದಹಾಗೆ, ಯಾವ ಅಳತೆಯದನ್ನು ಹಾಕಿದರೂ ಪೌಡರ್‌ನಲ್ಲಿ ಸ್ವಲ್ಪ ಹೂಳುತ್ತೀರಿ. ಹಿಮದ ಮೇಲೆ ತೇಲಿಕೊಂಡು ಹೋಗುವ ಫೋಟೋಗಳನ್ನು ನಂಬಬೇಡಿ.

ಈಗ ಬೈಂಡಿಂಗ್, ಅಂದರೆ ಬೂಟನ್ನು ಸ್ನೋಶೂಗೆ ಕಟ್ಟುವ ಪಟ್ಟಿಗಳ ವ್ಯವಸ್ಥೆ. ಇಲ್ಲಿ ನಾನು ಸ್ವಲ್ಪ ಹಠಮಾರಿ. ಚೌಕಟ್ಟಿನಲ್ಲಿ ಹೊಂದಾಣಿಕೆ ಮಾಡಿಕೊಳ್ಳಬಹುದು, ಬೈಂಡಿಂಗ್‌ನಲ್ಲಿ ಆಗದು. ಈ ಮಾತು ನನಗೆ ಹೇಳಿದವರು ನಮ್ಮ ಊರಿನ ನಿವೃತ್ತ ಸುಬೇದಾರರೊಬ್ಬರು. ಕೊಡಗಿನವರಿಗೆ ಹಿಮ ಹೊಸದೇನಲ್ಲ. 1948ರ ನವೆಂಬರ್ 1ರಂದು ಕಾಶ್ಮೀರದ ಝೋಜಿಲಾ ಕಣಿವೆದಾರಿಯ ಹಿಮಕ್ಕೆ ಟ್ಯಾಂಕ್ ಹತ್ತಿಸಿದ ನಮ್ಮ ಜನರಲ್ ತಿಮ್ಮಯ್ಯನವರ ಮನೆ ಸನ್ನಿ ಸೈಡ್ ಮಡಿಕೇರಿಯಲ್ಲೇ ಮ್ಯೂಸಿಯಂ ಆಗಿ ನಿಂತಿದೆ. ಕಾಶ್ಮೀರದಲ್ಲೋ ಸಿಕ್ಕಿಂನಲ್ಲೋ ಚಳಿಗಾಲ ಕಳೆದು ಬಂದವರು ನಮ್ಮಲ್ಲಿ ಹುಡುಕದೆಯೇ ಸಿಗುತ್ತಾರೆ. ಸುಬೇದಾರ್ ಮಾವ ಅಂದಿದ್ದು ಇಷ್ಟು: "ಯಾವ ಕಂಪನಿಯದಾದ್ರೂ ತಗೋ ಮಗ. ಗ್ಲೌಸ್ ಹಾಕ್ಕೊಂಡು, ಬಗ್ಗಿ, ಕತ್ತಲಲ್ಲಿ ಬಿಚ್ಚೋಕಾಗುತ್ತಾ ನೋಡು. ಆಗಲ್ಲ ಅಂದ್ರೆ ವಾಪಸ್ ಇಡು."

ಆ ಕಣ್ಣಿನಿಂದ ನೋಡಿದರೆ ಅಂಗಡಿಯ ಅರ್ಧ ಮಾಲು ಪಕ್ಕಕ್ಕೆ ಹೋಗುತ್ತದೆ. ನೈಲಾನ್ ನೇಯ್ಗೆಯ ಪಟ್ಟಿ ಹಗಲು ಒದ್ದೆಯಾಗಿ ಸಂಜೆ ಕಟ್ಟಿಗೆಯಂತೆ ಸೆಟೆಯುತ್ತದೆ. ಹಲ್ಲು ಹಲ್ಲಿನ ರ‍್ಯಾಚೆಟ್ ಬಿಗಿಯಲು ಸಲೀಸು, ಆದರೆ ಹಲ್ಲಿನ ಸಂದಿಗೆ ಹಿಮ ಸೇರಿ ಮಂಜುಗಡ್ಡೆಯಾದರೆ ಹಿಡಿಯುವುದೂ ಇಲ್ಲ, ಬಿಡುವುದೂ ಇಲ್ಲ. ಗುಂಡಿ ತಿರುಗಿಸಿದರೆ ತಂತಿ ಬಿಗಿಯುವ ಬೋವಾ ನಿಜಕ್ಕೂ ಸೊಗಸು, ಪಾದದ ಸುತ್ತ ಒಂದೇ ಸಮ ಒತ್ತುತ್ತದೆ. ತಂತಿ ಕಿತ್ತರೆ ಮಾತ್ರ ಬೆಟ್ಟದ ಮೇಲೆ ರಿಪೇರಿ ಕಷ್ಟ. ನಾನು ನಿಂತದ್ದು ತೂತುಗಳಿರುವ ರಬ್ಬರಿನಂಥ ಪಟ್ಟಿಗಳ ಮೇಲೆ. ಎಳೆದು ಮೊಳೆಗೆ ಸಿಕ್ಕಿಸಿದರೆ ಮುಗಿಯಿತು. ಒಂದು ತುಂಡಾದರೆ ಬ್ಯಾಗಿನಲ್ಲಿರುವ ಇನ್ನೊಂದನ್ನು ಹಾಕಿಕೊಂಡರಾಯಿತು.

ಕೊಳ್ಳುವಾಗ ಎಲ್ಲವೂ ಮೆತ್ತಗೇ ಇರುತ್ತದೆ. ಅದಕ್ಕೆ ಮನೆಯಲ್ಲೇ ಮಾಡುವ ಪರೀಕ್ಷೆ ಒಂದಿದೆ. ಪಟ್ಟಿಯನ್ನು ನೀರಲ್ಲಿ ಅದ್ದಿ ಒಂದು ರಾತ್ರಿ ಫ್ರೀಜರ್‌ನಲ್ಲಿಡಿ. ಅಲ್ಲಿ ಮೈನಸ್ 18 ಡಿಗ್ರಿ ಇರುತ್ತದೆ, ಗುಲ್ಮಾರ್ಗ್‌ನ ಸಾಮಾನ್ಯ ರಾತ್ರಿಯ ಚಳಿಗಿಂತ ಕಡಿಮೆಯೇನಲ್ಲ. ಬೆಳಗ್ಗೆ ಗ್ಲೌಸ್ ಹಾಕಿ ಬಗ್ಗಿಸಿ, ಎಳೆಯಿರಿ, ಸಿಕ್ಕಿಸಿ. ಬಿರುಕು ಕಂಡರೆ ಹಿಂದಕ್ಕೆ ಕಳಿಸಿ. ಪಂದಿ ಮಾಂಸದ ಪಕ್ಕ ಇದನ್ನಿಟ್ಟದ್ದಕ್ಕೆ ಮನೆಯಲ್ಲಿ ಬೈಸಿಕೊಂಡದ್ದು ಬೇರೆ ಮಾತು.

ಬೈಂಡಿಂಗ್ ಚೌಕಟ್ಟಿಗೆ ಕೂಡುವ ಕೀಲಿನಲ್ಲೂ ಎರಡು ಬಗೆ. ಒಂದರಲ್ಲಿ ಬಿಗಿದ ಪಟ್ಟಿಯೇ ಕೀಲು: ಕಾಲೆತ್ತಿದರೆ ಸ್ನೋಶೂ ಕೂಡ ಚಿಮ್ಮಿ ಮೇಲೇಳುತ್ತದೆ. ಬಿದ್ದ ಮರ ದಾಟಲು, ಹಿಂದೆ ಹೆಜ್ಜೆ ಇಡಲು ಅನುಕೂಲ, ಆದರೆ ಪ್ರತಿ ಹೆಜ್ಜೆಗೂ ಮೀನಖಂಡಕ್ಕೆ ಹಿಮ ಎರಚುತ್ತದೆ. ಇನ್ನೊಂದರಲ್ಲಿ ಲೋಹದ ಸರಳಿನ ಮೇಲೆ ಪಾದ ಸಲೀಸಾಗಿ ತಿರುಗುತ್ತದೆ: ಸ್ನೋಶೂವಿನ ಹಿಂತುದಿ, ಅಂದರೆ ಬಾಲ, ಕೆಳಗೆ ಜೋತು ಹಿಮ ಉದುರುತ್ತದೆ, ಕಡಿದಾದಲ್ಲಿ ಬೂಟಿನ ತುದಿಯನ್ನೂ ಅದರ ಕೆಳಗಿನ ಕ್ರಾಂಪನ್ ಅನ್ನುವ ಹಿಮ ಕಚ್ಚುವ ಲೋಹದ ಹಲ್ಲುಗಳನ್ನೂ ನೇರ ಇಳಿಜಾರಿಗೆ ಚುಚ್ಚಬಹುದು. ಬೆಟ್ಟದ ದಾರಿಗೆ ಎರಡನೆಯದೇ ಸರಿ. ಹಿಂದಕ್ಕೆ ನಡೆಯಲು ಹೋದರೆ ಬಾಲ ನೆಟ್ಟುಕೊಳ್ಳುತ್ತದೆ, ಆದ್ದರಿಂದ ಸುತ್ತು ಹಾಕಿ ತಿರುಗುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ಕ್ರಾಂಪನ್ ಉಕ್ಕಿನದಿರಲಿ, ಮಾರ್ಚ್ ಬಂಡೆಗಳಿಗೆ ಅಲ್ಯೂಮಿನಿಯಂ ಹಲ್ಲು ಬೇಗ ಮೊಂಡಾಗುತ್ತದೆ. ಚೌಕಟ್ಟಿನ ಅಂಚಿನಲ್ಲೂ ಗರಗಸದಂಥ ಹಲ್ಲಿದ್ದರೆ ಇಳಿಜಾರನ್ನು ಅಡ್ಡ ದಾಟುವಾಗ ಹಿಡಿತ ಸಿಗುತ್ತದೆ. ಬರಿ ಗುಂಡು ಕೊಳವೆಯ ಚೌಕಟ್ಟು ಅಲ್ಲಿ ಜಾರುತ್ತದೆ. ಹಿಮ್ಮಡಿ ಕೆಳಗೆ ಎತ್ತಿ ನಿಲ್ಲಿಸುವ ಕಂಬಿ ಇದ್ದರೆ ಉದ್ದ ಏರಿನಲ್ಲಿ ಮೀನಖಂಡ ಉಳಿಯುತ್ತದೆ. ಕೊಡಗಿನ ತಡಿಯಂಡಮೋಳ್ ಬೆಟ್ಟದ 1,748 ಮೀಟರ್ ಏರಿ ಪಳಗಿದ ಕಾಲಿಗೂ ಈ ಕಂಬಿ ಬೇಕಾಗುತ್ತದೆ. ಗುಲ್ಮಾರ್ಗ್ ಪೇಟೆಯೇ 2,650 ಮೀಟರ್ ಎತ್ತರದಲ್ಲಿದೆ.

ಬೂಟು ಮೊದಲು, ಬೈಂಡಿಂಗ್ ಆಮೇಲೆ. ನೀವು ಹಾಕುವ ಅದೇ ಬೂಟಿನಲ್ಲೇ ಕಟ್ಟಿ ನೋಡಿ. ತೋಟದ ಗಂಬೂಟು ಸಾಲದು. ಅದರ ಮೆತ್ತನೆ ಮೈಯನ್ನು ಪಟ್ಟಿ ಅಮುಕಿದರೆ ರಕ್ತ ಓಡಾಡದೆ ಬೆರಳು ಮರಗಟ್ಟುತ್ತದೆ. ಗಟ್ಟಿ ಅಟ್ಟೆಯ, ನೀರು ಇಳಿಯದ ಬೂಟೇ ಬೇಕು. ಪಾದದ ಉಬ್ಬು ಸರಿಯಾಗಿ ಕೀಲಿನ ಮೇಲೆ ಕೂರಬೇಕು, ಬಕಲ್‌ಗಳು ಹೊರಮಗ್ಗುಲಿಗೆ ಬರಬೇಕು. ಹಿಮ್ಮಡಿ ಪಟ್ಟಿ ಸಡಿಲವಾದರೆ ಇಳಿಯುವಾಗ ಬೂಟು ಮುಂದೆ ಜಾರಿ ತುದಿ ಚೌಕಟ್ಟಿಗೆ ತಾಗುತ್ತದೆ. ಹೊರಟು ಹತ್ತು ನಿಮಿಷಕ್ಕೆ ನಿಂತು ಎಲ್ಲವನ್ನೂ ಮತ್ತೊಮ್ಮೆ ಬಿಗಿಯಿರಿ. ಬಾಡಿಗೆಗೆ ತೆಗೆದುಕೊಳ್ಳುವವರೂ ಮೊದಲು ನೋಡಬೇಕಾದದ್ದು ಪಟ್ಟಿಯ ತೂತುಗಳನ್ನು: ಹಿಗ್ಗಿ ಮೊಟ್ಟೆಯಂತಾಗಿದ್ದರೆ ಬೇರೆ ಜೋಡಿ ಕೇಳಿ.

ಕಾಲು ಹೂಳದು ಅಂತ ಎಲ್ಲೆಂದರಲ್ಲಿ ಹತ್ತುವ ಹಾಗಿಲ್ಲ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಸ್ನೋಶೂ ನಮ್ಮನ್ನು ಸಲೀಸಾಗಿ ಕೊಂಡೊಯ್ಯುವುದೂ ಅಂಥ ಕಡೆಗೇ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಹೊರಡಿಸುವ ಹಿಮಕುಸಿತದ ಎಚ್ಚರಿಕೆ ನೋಡದೆ, ಸ್ಥಳೀಯ ಗೈಡ್ ಇಲ್ಲದೆ ನಾನು ಮೇಲೆ ಹೋಗುವುದಿಲ್ಲ.

ಇನ್ನು ನಮ್ಮ ಊರಿಗಷ್ಟೇ ಇರುವ ತೊಂದರೆ, ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಗಾಳಿಯಲ್ಲಿ ಉಕ್ಕು ತುಕ್ಕು ಹಿಡಿಯುತ್ತದೆ, ಪಟ್ಟಿಗೆ ಬೂಷ್ಟು ಕಟ್ಟುತ್ತದೆ. ಕ್ರಾಂಪನ್ ಒರೆಸಿ ತೆಳ್ಳಗೆ ಎಣ್ಣೆ ಸವರುತ್ತೇನೆ. ಪಟ್ಟಿಗಳನ್ನು ಬಿಚ್ಚಿ ತೊಳೆದು ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣದ ಜೊತೆ ಇಡುತ್ತೇನೆ. ಒಲೆ ಮೇಲಿನ ಅಟ್ಟ ಬೆಚ್ಚಗಿದೆಯೆಂದು ಅಲ್ಲಿಡಬೇಡಿ, ಶಾಖಕ್ಕೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಕಣ್ಣಿಡಬೇಕಾದದ್ದು ಬೂಟಿನ ಅಟ್ಟೆಯ ಮೇಲೆ. ಒಳಗಿನ ಪಾಲಿಯುರೇಥೇನ್ ಪದರ ತೇವಕ್ಕೆ ಸದ್ದಿಲ್ಲದೆ ಶಿಥಿಲವಾಗುತ್ತದೆ. ನೋಡಲು ಹೊಸದರಂತಿದ್ದ ಬೂಟು ಮೊದಲ ಏರಿನಲ್ಲೇ ಬಾಯಿ ಬಿಡುತ್ತದೆ. ಟಿಕೆಟ್ ಮಾಡಿಸುವ ಮೊದಲು ಆ ಬೂಟು ಹಾಕಿಕೊಂಡು ಬ್ರಹ್ಮಗಿರಿಯನ್ನೋ ತಡಿಯಂಡಮೋಳನ್ನೋ ಒಂದು ಸಲ ಹತ್ತಿ ಇಳಿಯಿರಿ. ಅಟ್ಟೆ ಕಿತ್ತು ಬರುವುದಿದ್ದರೆ ಅಲ್ಲೇ ಬರಲಿ.