ಅಟ್ಟದ ಕಿಂಡಿಯ ಸುತ್ತ ಒಂದು ವಾಕ್ಯ: ಕಟ್ಟಡ ಸಂಹಿತೆಗೆ ತಿದ್ದುಪಡಿ ಸೂಚಿಸಿದ ನನ್ನ ಅನುಭವ

ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಸಣ್ಣ ನಗರದ ಕಟ್ಟಡ ವಿಭಾಗದಲ್ಲಿ ನಕ್ಷೆ ಪರಿಶೀಲನೆ ಮತ್ತು ಸ್ಥಳ ತಪಾಸಣೆ ನನ್ನ ಕೆಲಸ. ದಾವಣಗೆರೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ ಬಂದ ನನಗೆ ಇಲ್ಲಿನ ಮನೆಗಳಲ್ಲಿ ಎಲ್ಲಕ್ಕಿಂತ ವಿಚಿತ್ರವಾಗಿ ಕಂಡದ್ದು ಅಟ್ಟ. ನಮ್ಮ ಮನೆಯ ಅಟ್ಟದಲ್ಲಿ ಹಳೆಯ ತಾಮ್ರದ ಹಂಡೆ, ಗೋಣಿಚೀಲ, ಗಣೇಶನ ಮಂಟಪ ಇರುತ್ತಿದ್ದವು. ಇಲ್ಲಿನ ಅಟ್ಟದಲ್ಲಿ ಇರುವುದು ಹಳೆಯ ಪತ್ರಿಕೆಗಳನ್ನು ನುಣ್ಣಗೆ ಅರೆದು ತಯಾರಿಸಿದ, ಮೊಣಕಾಲು ಮುಳುಗುವಷ್ಟು ಹರಡಿದ ಬೂದುಬಣ್ಣದ ಸೆಲ್ಯುಲೋಸ್ ಇನ್ಸುಲೇಶನ್. ಮನೆಯ ಬಿಸಿ ಚಳಿಗಾಲದಲ್ಲಿ ಚಾವಣಿಯ ಮೂಲಕ ಸೋರಿಹೋಗದಂತೆ ಅದು ಕಂಬಳಿಯಂತೆ ಹೊದ್ದುಕೊಂಡಿರುತ್ತದೆ.

2018ರ ಚಳಿಗಾಲದಲ್ಲಿ ಒಂದು ಹೊಸ ಮನೆಯ ಅಂತಿಮ ತಪಾಸಣೆಗೆ ಹೋದಾಗ ಅಟ್ಟದ ಕಿಂಡಿಯ ಮುಚ್ಚಳವನ್ನು ಮೇಲಕ್ಕೆ ತಳ್ಳಿದ್ದೇ ತಡ, ಅರ್ಧ ಬುಟ್ಟಿಯಷ್ಟು ಸೆಲ್ಯುಲೋಸ್ ನನ್ನ ಮುಖ, ಕನ್ನಡಕ, ಅಂಗಿಯ ಕಾಲರಿನೊಳಗೆಲ್ಲ ಸುರಿಯಿತು. ಕಿಂಡಿಯ ಅಳತೆ ನಿಯಮದಂತೆಯೇ 22 ಅಂಗುಲಕ್ಕೆ 30 ಅಂಗುಲವಿತ್ತು. ಅದರ ಸುತ್ತ ಗುತ್ತಿಗೆದಾರನು ಉಳಿದಿದ್ದ ಮರದ ತುಂಡುಗಳಿಂದ ಐದೂವರೆ ಅಂಗುಲ ಎತ್ತರದ ಚೌಕಟ್ಟೊಂದನ್ನು ಬಡಿದಿದ್ದ. ಅದರಾಚೆ ಇನ್ಸುಲೇಶನ್ 14 ಅಂಗುಲ ಆಳವಿತ್ತು. ಕೆರೆಯ ಏರಿ ನೀರಿನ ಮಟ್ಟಕ್ಕಿಂತ ಕೆಳಗಿದ್ದ ಹಾಗೆ. ಇದನ್ನು ಎತ್ತರಿಸಬೇಕು ಎಂದಾಗ ಆತ ಸಿಟ್ಟಾಗದೆ, ‘ತಡೆಹಲಗೆ ಇರಬೇಕು ಎಂದಿದೆ, ಹಾಕಿದ್ದೇನೆ, ಎಷ್ಟು ಎತ್ತರ ಇರಬೇಕೆಂದು ಎಲ್ಲಿ ಬರೆದಿದೆ, ತೋರಿಸಿ’ ಎಂದು ಕೇಳಿದ. ಕಾರಿನಲ್ಲಿ ಕುಳಿತು ಪುಸ್ತಕ ತೆರೆದು ನೋಡಿದೆ. ಎಲ್ಲಿಯೂ ಬರೆದಿರಲಿಲ್ಲ. ಅಳವಡಿಸಿದ ಉಷ್ಣನಿರೋಧಕ ಗುಣವನ್ನು ಶಾಶ್ವತವಾಗಿ ಕಾಯುವಂತಿರಬೇಕು ಎಂಬ ಉದ್ದೇಶವಷ್ಟೇ ಇತ್ತು. ಉದ್ದೇಶಕ್ಕೆ ಟೇಪು ಹಿಡಿದು ಅಳೆಯಲು ಬರುವುದಿಲ್ಲ.

ಆ ಪುಸ್ತಕವು ಇಂಟರ್‌ನ್ಯಾಷನಲ್ ಕೋಡ್ ಕೌನ್ಸಿಲ್, ಅಂದರೆ ಐಸಿಸಿ, ಮೂರು ವರ್ಷಕ್ಕೊಮ್ಮೆ ಹೊರತರುವ ಇಂಧನ ಸಂರಕ್ಷಣಾ ಸಂಹಿತೆಯಾದ ಐಇಸಿಸಿ. ಅದು ತನ್ನಷ್ಟಕ್ಕೆ ಕಾನೂನಲ್ಲ, ಮಾದರಿ ಸಂಹಿತೆ. ರಾಜ್ಯವೋ ನಗರವೋ ಅಂಗೀಕರಿಸಿದ ಮೇಲೆ ಮಾತ್ರ ಕಾನೂನಿನ ಬಲ ಪಡೆಯುತ್ತದೆ. ಅದಕ್ಕೆ ತಿದ್ದುಪಡಿ ಸೂಚಿಸಲು ಸದಸ್ಯತ್ವ ಬೇಕಿಲ್ಲ, ಶುಲ್ಕವಿಲ್ಲ, ಎಂಜಿನಿಯರೇ ಆಗಿರಬೇಕೆಂದೂ ಇಲ್ಲ ಎಂಬುದು ಹತ್ತು ವರ್ಷ ಅದೇ ಪುಸ್ತಕವನ್ನು ಕೈಯಲ್ಲಿ ಹಿಡಿದು ತಿರುಗಿದ್ದ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ನಮ್ಮ ಕಚೇರಿಯ ಹಿರಿಯ ಸಹೋದ್ಯೋಗಿಯಿಂದ. 2021ರ ಆವೃತ್ತಿಗಾಗಿ ಇಂಧನ ಸಂಹಿತೆಯ ಪ್ರಸ್ತಾವಗಳನ್ನು 2019ರ ಜನವರಿಯ ಆರಂಭದೊಳಗೆ ಸಲ್ಲಿಸಬೇಕಿತ್ತು. ನನ್ನ ಬಳಿ ಆರು ವಾರವೂ ಉಳಿದಿರಲಿಲ್ಲ.

ಸಲ್ಲಿಸುವ ರೀತಿ ಕಟ್ಟುನಿಟ್ಟಾದದ್ದು. ಸಿಡಿಪಿ ಆಕ್ಸೆಸ್ ಎಂಬ ವ್ಯವಸ್ಥೆಯಲ್ಲಿ ಈಗಿರುವ ಕಲಮನ್ನು ಯಥಾವತ್ತಾಗಿ ತೆರೆದುಕೊಂಡು, ತೆಗೆಯಬೇಕಾದ ಪದಗಳ ಮೇಲೆ ಗೆರೆ ಹೊಡೆಯಬೇಕು, ಸೇರಿಸುವ ಪದಗಳಿಗೆ ಅಡಿಗೆರೆ ಹಾಕಬೇಕು. ಆ ಗೆರೆಗಳ ನಡುವೆ ಏನಿದೆಯೋ ಅಷ್ಟೇ ಪ್ರಸ್ತಾವ. ‘ಹೀಗಾದರೆ ಚೆನ್ನಾಗಿರುತ್ತದೆ’ ಎಂಬ ಸಲಹೆಗೆ ಅಲ್ಲಿ ಜಾಗವಿಲ್ಲ. ಕಾನೂನಿನ ವಾಕ್ಯವನ್ನೇ ಬರೆದು ಕೊಡಬೇಕು. ಅದರ ಜೊತೆಗೆ ಒಂದು ಕಾರಣ ಹೇಳಿಕೆ, ಮತ್ತು ಕಟ್ಟುವ ವೆಚ್ಚ ಹೆಚ್ಚುತ್ತದೆಯೇ, ಇಳಿಯುತ್ತದೆಯೇ, ಹಾಗೆಯೇ ಉಳಿಯುತ್ತದೆಯೇ ಎಂಬುದರ ಹೇಳಿಕೆ ಇರಲೇಬೇಕು.

ನನ್ನ ಮೊದಲ ಕರಡು ‘ತಡೆಹಲಗೆಯ ಎತ್ತರವು 16 ಅಂಗುಲಕ್ಕೆ ಕಡಿಮೆಯಿರಬಾರದು’ ಎಂದಿತ್ತು. ಸಹೋದ್ಯೋಗಿ ಅದನ್ನು ಓದಿ, ಈ ಹದಿನಾರು ಎಲ್ಲಿಂದ ಬಂತು ಎಂದು ಕೇಳಿದರು. ಸೆಲ್ಯುಲೋಸ್ ಅಂಗುಲಕ್ಕೆ ಸುಮಾರು 3.5ರಷ್ಟು ಉಷ್ಣರೋಧ ಕೊಡುತ್ತದೆ, ಆದ್ದರಿಂದ ನಮ್ಮ ಹವಾಮಾನ ವಲಯಕ್ಕೆ ಬೇಕಾದ ಆರ್-49ಕ್ಕೆ (ಆರ್-ಮೌಲ್ಯವೆಂದರೆ ಉಷ್ಣರೋಧದ ಅಳತೆ) 14 ಅಂಗುಲ, ಅದರ ಮೇಲೆ ಎರಡು ಅಂಗುಲ ಎಂದು ವಿವರಿಸಿದೆ. ಅದಕ್ಕೆ ಅವರು, ಅದೇ ಜಾಗಕ್ಕೆ ಗಾಜಿನ ನಾರನ್ನು ಊದಿದರೆ ಆಳ ಬೇರೆ. ಬೆಚ್ಚಗಿನ ರಾಜ್ಯದಲ್ಲಿ ಆರ್-38 ಸಾಕಾದರೆ ಬೇರೆ. ಮುಂದಿನ ಆವೃತ್ತಿಯಲ್ಲಿ ಆರ್-ಮೌಲ್ಯವೇ ಏರಿದರೆ ನಿನ್ನ ಅಂಕಿ ಹಳಸುತ್ತದೆ ಎಂದರು. 2021ರ ಆವೃತ್ತಿಯಲ್ಲಿ ನಮ್ಮ ವಲಯದ ಚಾವಣಿಗೆ ಆರ್-60 ಬಂದೇಬಿಟ್ಟಿತು. ನನ್ನ ಹದಿನಾರು ಅಂಗುಲ ಹುಟ್ಟುವ ಮೊದಲೇ ಸಾಯುತ್ತಿತ್ತು.

ಆಮೇಲೆ ಅವರು ಬೆರಳಿಟ್ಟು ತೋರಿಸಿದ್ದನ್ನು ನಾನು ಈ ಕೆಲಸದಲ್ಲಿ ಕಲಿತ ಅತ್ಯಂತ ಉಪಯುಕ್ತ ಪಾಠವೆಂದೇ ತಿಳಿದಿದ್ದೇನೆ. ಕಿಂಡಿಯ ವಿಷಯವಿರುವುದು ಆರ್ 402.2.4 ಎಂಬ ಕಲಮಿನಲ್ಲಿ. ಅದರ ಹಿಂದಿನ ಕಲಮಾದ ಆರ್ 402.2.3ರಲ್ಲಿ ಸೂರಿನ ಬಳಿ ಗಾಳಿಕಿಂಡಿಗೆ ಹಾಕುವ ತಡೆಯ ಬಗ್ಗೆ ಬರೆಯುತ್ತಾ, ಅದು ಅಟ್ಟದ ಇನ್ಸುಲೇಶನ್ನಿನ ಮೇಲ್ಮಟ್ಟವನ್ನು ದಾಟಿ ನಿಲ್ಲತಕ್ಕದ್ದು ಎಂದು ಆಗಲೇ ಹೇಳಲಾಗಿತ್ತು. ಹೊಸ ಪದ ಹುಟ್ಟಿಸಿದರೆ ಅದರ ಅರ್ಥವೇನೆಂದು ಐವತ್ತು ರಾಜ್ಯಗಳ ಇನ್‌ಸ್ಪೆಕ್ಟರುಗಳು ಜಗಳವಾಡುತ್ತಾರೆ. ಪುಸ್ತಕದಲ್ಲಿ ಈಗಾಗಲೇ ಬದುಕಿರುವ ಪದಗಳನ್ನು ಎತ್ತಿಕೊಂಡರೆ ಅವುಗಳ ಅರ್ಥವೂ ಜೊತೆಯಲ್ಲೇ ಬರುತ್ತದೆ. ಹಾಗಾಗಿ ನನ್ನ ಪ್ರಸ್ತಾವವು ಅಂಕಿಯಿಲ್ಲದ, ನೆರೆಮನೆಯಿಂದ ಕಡ ತಂದ ಒಂದೇ ಒಂದು ವಾಕ್ಯವಾಯಿತು: ಕಿಂಡಿಯ ತಡೆಹಲಗೆಯು ಅಟ್ಟದ ಇನ್ಸುಲೇಶನ್ನಿನ ಮೇಲ್ಮಟ್ಟವನ್ನು ದಾಟಿ ನಿಲ್ಲತಕ್ಕದ್ದು. ಮನೆಗಳ ಸಂಹಿತೆಯಾದ ಐಆರ್‌ಸಿಯ 11ನೆಯ ಅಧ್ಯಾಯದಲ್ಲಿ ಇದೇ ಕಲಮು ಎನ್ 1102.2.4 ಎಂಬ ಸಂಖ್ಯೆಯಲ್ಲಿ ಮತ್ತೊಮ್ಮೆ ಇರುವುದರಿಂದ ಅಲ್ಲಿಯೂ ಅದನ್ನು ತೋರಿಸಬೇಕಿತ್ತು. ಅದನ್ನು ಮರೆತಿದ್ದೆ, ಸಲ್ಲಿಸುವ ಹಿಂದಿನ ರಾತ್ರಿ ನೆನಪಾಯಿತು.

ವಾಕ್ಯ ಚಿಕ್ಕದಾದಷ್ಟೂ ಕಾರಣ ಹೇಳಿಕೆ ಉದ್ದವಾಗಬೇಕೆಂಬ ಭ್ರಮೆ ನನಗಿತ್ತು. ನಾಲ್ಕು ಪುಟ ಬರೆದು, ಅದರಲ್ಲಿ ಒಂದು ಲೆಕ್ಕವನ್ನು ಹೆಮ್ಮೆಯಿಂದ ಸೇರಿಸಿದೆ. ಸಾವಿರ ಚದರಡಿಯ ಚಾವಣಿಗೆ ಆರ್-49 ಇದ್ದಾಗ ಉಷ್ಣ ಹಾಯುವ ಪ್ರಮಾಣ, ಅಂದರೆ ವಿಸ್ತೀರ್ಣವನ್ನು ಆರ್-ಮೌಲ್ಯದಿಂದ ಭಾಗಿಸಿದರೆ ಬರುವ ಸಂಖ್ಯೆ, 20.4. ಕಿಂಡಿಯ ವಿಸ್ತೀರ್ಣ ನಾಲ್ಕೂವರೆ ಚದರಡಿಗಿಂತ ತುಸು ಹೆಚ್ಚು. ಅದರ ಮೇಲೆ ಇನ್ಸುಲೇಶನ್ನೇ ಇಲ್ಲದ ಬರೀ ಪ್ಲೈವುಡ್ ಮುಚ್ಚಳ ಇದ್ದು ಅದರ ಮೌಲ್ಯ ಆರ್-2 ಎಂದುಕೊಂಡರೆ, ಆ ಸಣ್ಣ ಚೌಕವೊಂದೇ ಇಡೀ ಚಾವಣಿಯ ನಷ್ಟವನ್ನು ಸುಮಾರು 11 ಪ್ರತಿಶತ ಏರಿಸುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ತಪ್ಪು ಇದ್ದದ್ದು ಬೇರೆಡೆ. ವೆಚ್ಚದ ಕಾಲಮಿನಲ್ಲಿ ‘ಯಾವ ಬದಲಾವಣೆಯೂ ಇಲ್ಲ’ ಎಂದು ಬರೆದೆ. ನಾಲ್ಕು ಹಲಗೆಯ ಖರ್ಚನ್ನು ಖರ್ಚೆನ್ನುವುದುಂಟೇ ಎಂಬ ಉಡಾಫೆ ಅದು.

2019ರ ಏಪ್ರಿಲ್ ಕೊನೆಯಿಂದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಯಲ್ಲಿ, ಪ್ರಸ್ತಾವಗಳನ್ನು ಪರಿಶೀಲಿಸುವ ಐಸಿಸಿ ಸಮಿತಿಯ ವಿಚಾರಣಾ ಸಭೆ ನಡೆಯಿತು. ಪ್ರಸ್ತಾವಗಳು ಸಂಖ್ಯೆಯ ಕ್ರಮದಲ್ಲಿ ಬರುತ್ತವೆ. ನಮ್ಮದು ಯಾವಾಗ ಬರುತ್ತದೆಂದು ಕಾಯುತ್ತಾ ಕೂರುವುದು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಚೀಟಿ ಹಿಡಿದು ಕೂತಂತೆಯೇ. ಮಾತನಾಡಲು ಎರಡು ನಿಮಿಷ, ಎದುರಾಳಿಗಳ ಮಾತಿಗೆ ಉತ್ತರಿಸಲು ಒಂದು ನಿಮಿಷ. ನನ್ನ ನಾಲ್ಕು ಪುಟಗಳಲ್ಲಿ ಎರಡು ನಿಮಿಷಕ್ಕೆ ಹಿಡಿಸುವುದು ಅರ್ಧ ಪುಟವೂ ಅಲ್ಲ. ಮುಖದ ಮೇಲೆ ಸೆಲ್ಯುಲೋಸ್ ಸುರಿದ ಕಥೆ ಹೇಳಿದಾಗ ನಗು ಬಂತು. ಅದೇ ನನ್ನ ಗೆಲುವಿನ ಕೊನೆಯ ಕ್ಷಣ. ಮನೆ ಕಟ್ಟುವವರ ಪರವಾಗಿ ನಿಂತವರು, ಹಲಗೆ ಹೆಚ್ಚು ಬೇಕು ಎನ್ನುತ್ತೀರಿ, ವೆಚ್ಚ ಹೆಚ್ಚುವುದಿಲ್ಲ ಎಂದೂ ಬರೆದಿದ್ದೀರಿ, ನಿಮ್ಮ ಊರಿನಲ್ಲಿ ಹಲಗೆ ಪುಕ್ಕಟೆ ಸಿಗುತ್ತದೆಯೇ ಎಂದು ಸಭ್ಯವಾಗಿಯೇ ಕೇಳಿದರು. ಅದಕ್ಕಿಂತ ಆಳವಾಗಿ ಇರಿದದ್ದು ಸಮಿತಿಯ ಸದಸ್ಯೆಯೊಬ್ಬರ ಪ್ರಶ್ನೆ: ಈ 11 ಪ್ರತಿಶತ ಬೋಳು ಮುಚ್ಚಳದ್ದು; ಅಂಥ ಮುಚ್ಚಳವನ್ನು ಈಗಿರುವ ಕಲಮೇ ಒಪ್ಪುವುದಿಲ್ಲ; ನಿಮ್ಮ ವಾಕ್ಯದಿಂದ ಎಷ್ಟು ಉಳಿಯುತ್ತದೆ ಹೇಳಿ. ನನ್ನ ಬಳಿ ಉತ್ತರವಿರಲಿಲ್ಲ. ಪ್ರಸ್ತಾವ ತಿರಸ್ಕೃತವಾಯಿತು, ಮತ್ತು ನ್ಯಾಯವಾಗಿಯೇ ತಿರಸ್ಕೃತವಾಯಿತು.

ಆ ರಾತ್ರಿ ಹೋಟೆಲಿನ ಕೋಣೆಯಲ್ಲಿ ಆ ಲೆಕ್ಕ ಮಾಡಿದೆ. ಕಿಂಡಿಯ ಸುತ್ತ ಒಂದಡಿ ಅಗಲದ ಪಟ್ಟಿಯಲ್ಲಿ ಇನ್ಸುಲೇಶನ್ ಜಾರಿ ಸರಾಸರಿ ಅರ್ಧ ಮೌಲ್ಯಕ್ಕೆ ಇಳಿದಿದೆ ಎಂದು ಹಿಡಿದರೆ ಹೆಚ್ಚುವ ನಷ್ಟ ಒಂದೂಕಾಲು ಪ್ರತಿಶತ. ಹನ್ನೊಂದರ ಮುಂದೆ ಇದು ಎಷ್ಟು ಬಡಕಲೆನಿಸಿದರೂ ನಿಜವಾದ ಅಂಕಿ ಇದೇ ಆಗಿತ್ತು. ಖರ್ಚನ್ನೂ ಹಾಗೆಯೇ ಅಳೆದೆ. ಕಿಂಡಿಯ ಸುತ್ತಳತೆ 104 ಅಂಗುಲ. 16 ಅಂಗುಲ ಎತ್ತರ ಹಿಡಿದರೂ ಬೇಕಾಗುವುದು ಹನ್ನೆರಡು ಚದರಡಿಗೂ ಕಡಿಮೆ, ಅಂದರೆ ನಾಲ್ಕಡಿ-ಎಂಟಡಿಯ ಒಂದು ಪ್ಲೈವುಡ್ ಹಾಳೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಹೀಗೆ ಬರೆದಿಟ್ಟಾಗಲೇ ನನ್ನ ವಾದ ಯಾವುದೆಂದು ನನಗೇ ತಿಳಿದದ್ದು. ಅದು ಇಂಧನ ಉಳಿತಾಯದ ವಾದವಾಗಿರಲಿಲ್ಲ. ಟಾರ್ಚು ಹಿಡಿದು ಏಣಿಯ ಮೇಲೆ ನಿಂತವನು ಜಗಳವಿಲ್ಲದೆ ‘ಸರಿ’ ಅಥವಾ ‘ಸರಿಯಿಲ್ಲ’ ಎನ್ನಲು ಬೇಕಾದ ಅಳತೆಗೋಲಿನ ವಾದವಾಗಿತ್ತು.

ತಿರಸ್ಕೃತವಾದದ್ದಕ್ಕೆ ಜೀವ ಕೊಡಲು ಸಾರ್ವಜನಿಕ ಅಭಿಪ್ರಾಯದ ರೂಪದಲ್ಲಿ ಮತ್ತೆ ಸಲ್ಲಿಸಬಹುದಿತ್ತು. ಸಲ್ಲಿಸದಿದ್ದರೆ ಸಮಿತಿಯ ತೀರ್ಮಾನವೇ ಉಳಿಯುತ್ತಿತ್ತು. ಈ ಬಾರಿ ಒಂದೇ ಪುಟ ಬರೆದೆ, ವೆಚ್ಚ ಹೆಚ್ಚುತ್ತದೆ ಎಂದೇ ಬರೆದೆ. ಆದರೆ ಸಮಿತಿ ಬೇಡವೆಂದದ್ದನ್ನು ಅಕ್ಟೋಬರಿನ ಲಾಸ್ ವೇಗಸ್ ಸಭೆಯಲ್ಲಿ ಬೇಕು ಎನ್ನಿಸಲು ಮೂರರಲ್ಲಿ ಎರಡು ಭಾಗದ ಬಹುಮತ ಬೇಕಿತ್ತು. ಅಲ್ಲಿ ಮತ ಹಾಕುತ್ತಿದ್ದವರು ಮುಖ್ಯವಾಗಿ ಸರ್ಕಾರಿ ಆಡಳಿತಗಳ ಪ್ರತಿನಿಧಿಗಳು. ಐವತ್ತು ಸಾವಿರದೊಳಗಿನ ನಮ್ಮಂಥ ಊರಿಗೆ ನಾಲ್ಕು ಮತ, ಒಂದೂವರೆ ಲಕ್ಷ ದಾಟಿದ ನಗರಕ್ಕೆ ಹನ್ನೆರಡು. ನನಗೆ ಅರ್ಧಕ್ಕಿಂತ ಹೆಚ್ಚು ಬಂತು, ಮೂರನೇ ಎರಡು ಬರಲಿಲ್ಲ.

ಈಗ ಇಂಧನ ಸಂಹಿತೆಗೆ ಆ ದಾರಿಯೇ ಇಲ್ಲ. 2021ರ ಮಾರ್ಚಿನಲ್ಲಿ ಐಸಿಸಿಯ ಮಂಡಳಿಯು ಐಇಸಿಸಿಯನ್ನು ಸರ್ಕಾರಿ ಪ್ರತಿನಿಧಿಗಳ ಮತದಾನದಿಂದ ತೆಗೆದು, ಬೇರೆ ಬೇರೆ ಹಿತಾಸಕ್ತಿಗಳವರು ಸಮತೋಲದಲ್ಲಿರುವ ಸಹಮತ ಸಮಿತಿಗಳಿಗೆ ಒಪ್ಪಿಸಿತು. 2024ರ ಆವೃತ್ತಿ ಹಾಗೆ ಬಂದದ್ದು. ನಮ್ಮ ನಾಲ್ಕು ಮತ ಹೋದದ್ದಕ್ಕೆ ನನಗೆ ಬೇಸರವಿದೆ. ಆದರೆ ವಿಚಾರಣೆಯ ಒಂದು ಮಾತನ್ನೂ ಕೇಳದೆ ಆನ್‌ಲೈನಿನಲ್ಲಿ ಮತ ಒತ್ತಬಹುದಾಗಿದ್ದ ಹಳೆಯ ಪದ್ಧತಿಯನ್ನು ಹೊಗಳಲೂ ಮನಸ್ಸು ಬಾರದು. ಪ್ರಸ್ತಾವವನ್ನು ಈಗಲೂ ಯಾರು ಬೇಕಾದರೂ ಸಲ್ಲಿಸಬಹುದು.

ಹುಬ್ಬಳ್ಳಿಯಲ್ಲಿರುವ ಸಹಪಾಠಿಯೊಬ್ಬ ಇದನ್ನೆಲ್ಲ ಕೇಳಿ, ನಮ್ಮಲ್ಲಿ ಇದು ಸಾಧ್ಯವೇ ಎಂದ. ಸಾಧ್ಯವಿದೆ, ಮಾಡುವವರು ಕಡಿಮೆ. ರಾಷ್ಟ್ರೀಯ ಕಟ್ಟಡ ಸಂಹಿತೆ 1970ರಲ್ಲಿ ಮೊದಲು ಬಂದು, 1983, 2005 ಮತ್ತು 2016ರಲ್ಲಿ ಪರಿಷ್ಕೃತವಾಗಿದೆ. ಅದೂ ಇಲ್ಲಿನ ಸಂಹಿತೆಯಂತೆ ಮಾದರಿಯೇ ಹೊರತು ರಾಜ್ಯ ಮತ್ತು ಸ್ಥಳೀಯ ಉಪವಿಧಿಗಳಲ್ಲಿ ಸೇರಿದ ಮೇಲಷ್ಟೇ ಕಡ್ಡಾಯ. ಭಾರತೀಯ ಮಾನಕ ಬ್ಯೂರೋ ತನ್ನ ಕರಡುಗಳನ್ನು ಅಭಿಪ್ರಾಯಕ್ಕಾಗಿ ಹರಿಬಿಟ್ಟಾಗ ಕಳಿಸಬೇಕಾದ ಕೋಷ್ಟಕದಲ್ಲಿ ಕಲಂ ಸಂಖ್ಯೆ, ಆಕ್ಷೇಪ, ಬದಲಿ ಪಾಠ ಎಲ್ಲಕ್ಕೂ ಜಾಗವಿದೆ. ಬದಲಿ ಪಾಠದ ಆ ಕಾಲಮನ್ನು ಖಾಲಿ ಬಿಡಬೇಡ ಎಂದಷ್ಟೇ ಅವನಿಗೆ ಹೇಳಿದೆ. ಇಂಧನದ ವಿಷಯದಲ್ಲಂತೂ 2001ರ ಇಂಧನ ಸಂರಕ್ಷಣಾ ಕಾಯ್ದೆಯ 15ನೆಯ ಕಲಮು, ಕೇಂದ್ರದ ಸಂಹಿತೆಯನ್ನು ಸ್ಥಳೀಯ ಹವೆಗೆ ತಕ್ಕಂತೆ ತಿದ್ದುವ ಅಧಿಕಾರವನ್ನು ರಾಜ್ಯಗಳಿಗೇ ಕೊಟ್ಟಿದೆ; ಬೆಂಗಳೂರಿನ ಸಮಶೀತೋಷ್ಣಕ್ಕೂ ಮಂಗಳೂರಿನ ಸೆಕೆಗೂ ಒಂದೇ ಅಂಗಿ ಹೊಲಿಯಬೇಕಾಗಿಲ್ಲ.

ನನ್ನ ವಾಕ್ಯ ಕೊನೆಗೆ ಸೇರಿದ್ದು ಊರಿನ ಸ್ಥಳೀಯ ತಿದ್ದುಪಡಿಗಳಲ್ಲಿ. ನಗರಸಭೆ 2021ರ ಆವೃತ್ತಿಯನ್ನು ಅಂಗೀಕರಿಸುವಾಗ ಅದನ್ನೂ ಇತರ ಹತ್ತಾರು ತಿದ್ದುಪಡಿಗಳ ನಡುವೆ ಇಟ್ಟೆವು. ಸದಸ್ಯರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: ಖರ್ಚೆಷ್ಟು? ಪ್ಲೈವುಡ್ ಹಾಳೆಯ ಲೆಕ್ಕ ಬಾಯಿಪಾಠವಾಗಿತ್ತು. ಎಲ್ಲವೂ ಒಟ್ಟಿಗೆ ಒಂದೇ ಮತದಾನದಲ್ಲಿ ಪಾಸಾದವು.

ಮುಂದಿನ ಚಳಿಗಾಲದಲ್ಲಿ ಅದೇ ಗುತ್ತಿಗೆದಾರನ ಇನ್ನೊಂದು ಮನೆಗೆ ಹೋದೆ. ಅಭ್ಯಾಸದಂತೆ ಕಣ್ಣು ಮುಚ್ಚಿಕೊಂಡೇ ಮುಚ್ಚಳ ತಳ್ಳಿದೆ, ಏನೂ ಬೀಳಲಿಲ್ಲ. ಕಿಂಡಿಯ ಸುತ್ತ ಅಚ್ಚುಕಟ್ಟಾದ ಪ್ಲೈವುಡ್ ಪೆಟ್ಟಿಗೆ, ಅದರ ಅಂಚು ಇನ್ಸುಲೇಶನ್ನಿಗಿಂತ ಒಂದು ಬೆರಳು ಮೇಲೆ. ಕೆಳಗಿನಿಂದ ಆತ, ‘ದಾಟಿರಬೇಕು ಎಂದಿದೆಯಲ್ಲ ಸರ್, ಎಷ್ಟು ದಾಟಿರಬೇಕು?’ ಎಂದು ಕೇಳಿದ. ಅದಕ್ಕೆ ನನ್ನ ವಾಕ್ಯದಲ್ಲಿ ಉತ್ತರವಿರಲಿಲ್ಲ. ಒಂದು ಬೆರಳು ಸಾಕು ಎಂದು ಹೇಳಿ, ಏಣಿ ಇಳಿದು ತಪಾಸಣೆಯ ಕಾರ್ಡಿಗೆ ಸಹಿ ಹಾಕಿದೆ.